ಮನೆಯ ಪಾಠಕ್ಕೆ ಅಳತೆಗೋಲು

ಜ್ವರವನ್ನು ಅಳೆಯಲು ಉಷ್ಣಮಾಪಕವಿದೆ. ಮಳೆಯನ್ನು ಅಳೆಯಲು ಮಳೆಮಾಪಕವಿದೆ. ಆದರೆ ಅನ್ಯಭಾಷೆ, ಅನ್ಯಮತ, ಅನ್ಯ ಆಚಾರಗಳ ಜನರನ್ನು ಅರಿತು ಗೌರವದಿಂದ ನಡೆದುಕೊಳ್ಳುವುದನ್ನು ತಂದೆತಾಯಿಗಳು ಮಕ್ಕಳಿಗೆ ಎಷ್ಟರಮಟ್ಟಿಗೆ ಕಲಿಸುತ್ತಾರೆ ಎಂಬುದನ್ನು ಅಳೆಯುವುದು ಹೇಗೆ? ಕಣ್ಣಿಗೆ ಕಾಣದ ಇಂಥ ಗುಣಕ್ಕೂ ಅಳತೆಗೋಲುಂಟೆ? ಉಂಟೆನ್ನುತ್ತದೆ ಮನೋವಿಜ್ಞಾನ. ಆದರೆ ಆ ಕೋಲನ್ನು ಹಿಡಿಯುವವನಿಗೆ ಬಹಳ ಎಚ್ಚರ ಬೇಕು.

ಈ ಪ್ರಶ್ನೆಯನ್ನು ಪರಿಶೀಲಿಸಲು ಹುಬ್ಬಳ್ಳಿ-ಧಾರವಾಡಕ್ಕಿಂತ ತಕ್ಕ ಸ್ಥಳ ಅಪರೂಪ. 1962ರಲ್ಲಿ ಒಂದೇ ನಗರಸಭಾಡಳಿತಕ್ಕೆ ಒಳಪಟ್ಟ ಈ ಅವಳಿ ನಗರದಲ್ಲಿ ಕನ್ನಡದೊಡನೆ ಉರ್ದು, ಮರಾಠಿ, ಕೊಂಕಣಿ ಮಾತುಗಳೂ ಕಿವಿಗೆ ಬೀಳುತ್ತವೆ. 1966ರಲ್ಲಿ ಮುಂಡಗೋಡದ ಬಳಿ ನೆಲೆಗೊಂಡ ಟಿಬೆಟಿಯನ್ನರಿಗೂ ಹುಬ್ಬಳ್ಳಿಯ ಪೇಟೆ ಪರಿಚಿತವೇ. ಧಾರವಾಡದ ವರಕವಿ ಬೇಂದ್ರೆಯವರ ಮನೆಮಾತು ಮರಾಠಿ. ಅವರ ಕಾವ್ಯದ ಮಾತು ಕನ್ನಡ.

ಒಬ್ಬ ಬಾಲಕಿಯ ಅಳುಕು

1924ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿತು. ಅಲ್ಲಿ ಸ್ವಾಗತಗೀತೆ ಹಾಡಿದವರಲ್ಲಿ ಧಾರವಾಡದ ಹನ್ನೊಂದು ವರ್ಷದ ಬಾಲಕಿಯೊಬ್ಬಳಿದ್ದಳು. ಅವಳನ್ನು ಕಾಡಿದ್ದು ಸ್ವರ ತಪ್ಪುವ ಭಯವಲ್ಲ. ಕೆಳಜಾತಿಯವಳೆಂದು ಉಂಡ ಸ್ಥಳವನ್ನು ಶುಚಿಗೊಳಿಸಲು ಹೇಳುವರೇನೋ ಎಂಬ ಅಳುಕು. ಮುಂದೆ ಗಂಗೂಬಾಯಿ ಹಾನಗಲ್ ಎಂದು ದೇಶವಿಖ್ಯಾತರಾದ ಅವರೇ ಇದನ್ನು ನೆನೆದುಕೊಂಡಿದ್ದಾರೆ. ಹನ್ನೊಂದರ ವಯಸ್ಸಿನೊಳಗೇ ಸಮಾಜವು ಆ ಮಗುವಿಗೆ ಅಂತರದ ಪಾಠವನ್ನು ಕಲಿಸಿ ಮುಗಿಸಿತ್ತು.

ಅದೇ ಮಗುವಿಗೆ ಮನೆಯಲ್ಲಿ ದೊರೆತ ಪಾಠ ಬೇರೆ. ತಾಯಿ ಅಂಬಾಬಾಯಿಯವರು ಕರ್ನಾಟಕ ಸಂಗೀತದ ಗಾಯಕಿ. ಮಗಳು ಹಿಂದುಸ್ತಾನಿ ಸಂಗೀತವನ್ನು ಕಲಿಯತೊಡಗಿದಾಗ, ಎರಡು ಪದ್ಧತಿಗಳು ಬೆರೆತು ಅವಳ ಅಭ್ಯಾಸಕ್ಕೆ ತೊಡಕಾಗದಿರಲೆಂದು ಅವರು ತಮ್ಮ ಹಾಡುಗಾರಿಕೆಯನ್ನೇ ನಿಲ್ಲಿಸಿದರು. ಗಂಗೂಬಾಯಿಯವರ ಗುರು ಕುಂದಗೋಳದ ಸವಾಯಿ ಗಂಧರ್ವರು. ಅವರ ಗುರು ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು. ಪರಂಪರೆಯೊಂದನ್ನು ಗೌರವಿಸುವ ಬಗೆಯನ್ನು ಆ ತಾಯಿ ಉಪದೇಶದಿಂದಲ್ಲ, ತ್ಯಾಗದಿಂದ ಕಲಿಸಿದರು. ಇಂಥದನ್ನು ಅಂಕಿಗಳಲ್ಲಿ ಹಿಡಿಯುವುದು ಸಾಧ್ಯವೆ?

ಅಂತರದ ಮೆಟ್ಟಿಲುಗಳು

ಬೆಳಗಾವಿ ಅಧಿವೇಶನದ ಮರುವರ್ಷವೇ, ಅಂದರೆ 1925ರಲ್ಲಿ, ಅಮೆರಿಕದ ಸಮಾಜಶಾಸ್ತ್ರಜ್ಞ ಎಮರಿ ಬೊಗಾರ್ಡಸ್ ‘ಸಾಮಾಜಿಕ ಅಂತರ’ವನ್ನು ಅಳೆಯುವ ಮಾಪಕವೊಂದನ್ನು ಪ್ರಕಟಿಸಿದನು. ಅದು ಏಳು ಮೆಟ್ಟಿಲುಗಳ ಏಣಿಯಂತಿದೆ. ಇಂಥ ಜನಾಂಗದವನನ್ನು ನೀವು ನೆಂಟನಾಗಿ ಒಪ್ಪುವಿರಾ? ಗೆಳೆಯನಾಗಿ? ನೆರೆಯವನಾಗಿ? ಸಹೋದ್ಯೋಗಿಯಾಗಿ? ಪ್ರಜೆಯಾಗಿ? ಕೇವಲ ಪ್ರವಾಸಿಯಾಗಿ? ಅಥವಾ ದೇಶದೊಳಕ್ಕೇ ಬಿಡಲಾರಿರಾ? ಉತ್ತರ ಯಾವ ಮೆಟ್ಟಿಲಿನಲ್ಲಿ ನಿಲ್ಲುವುದೋ ಅದೇ ಅಂತರದ ಅಳತೆ.

ಈ ಏಣಿಯಲ್ಲಿ ಊಟದ ಪಂಕ್ತಿಗೆ ಮೆಟ್ಟಿಲಿಲ್ಲ. ನಮ್ಮಲ್ಲಾದರೋ ಗಂಗೂಬಾಯಿಯವರು ಅಂಜಿದ್ದು ಆ ಮೆಟ್ಟಿಲಿಗೇ! ಒಂದು ನಾಡಿನಲ್ಲಿ ತಯಾರಾದ ಮಾಪಕವನ್ನು ಇನ್ನೊಂದು ನಾಡಿಗೆ ಹಾಗೆಯೇ ತಂದರೆ ಮುಖ್ಯವಾದುದೇ ತಪ್ಪಿಹೋಗಬಹುದು. ನಮ್ಮ ಅವಳಿ ನಗರದಲ್ಲಿ ಪ್ರಶ್ನಾವಳಿಯನ್ನು ಕನ್ನಡದಲ್ಲಿ ಮಾತ್ರವಲ್ಲದೆ ಉರ್ದು, ಮರಾಠಿಗಳಲ್ಲಿಯೂ ಕೊಡಬೇಕಾದೀತು. ಒಬ್ಬನು ಅನುವಾದಿಸಿದುದನ್ನು ಮೂಲವನ್ನು ನೋಡದ ಇನ್ನೊಬ್ಬನಿಂದ ಹಿಂದಕ್ಕೆ ಅನುವಾದಿಸಿ, ಅರ್ಥ ಉಳಿದಿದೆಯೇ ಎಂದು ಪರೀಕ್ಷಿಸುವುದು ವಾಡಿಕೆ.

ಏನನ್ನು ಕೇಳಬೇಕು?

1932ರಲ್ಲಿ ರೆನ್ಸಿಸ್ ಲಿಕರ್ಟ್ ಇನ್ನೂ ಸುಲಭವಾದ ವಿಧಾನವನ್ನು ತೋರಿಸಿದನು. ‘ಬೇರೆ ಧರ್ಮದ ಹಬ್ಬಗಳ ಅರ್ಥವನ್ನು ನನ್ನ ಮಗುವಿಗೆ ವಿವರಿಸುತ್ತೇನೆ’ ಎಂಬಂಥ ಹೇಳಿಕೆಗೆ ‘ಪೂರ್ಣ ಒಪ್ಪುತ್ತೇನೆ’ಯಿಂದ ‘ಸ್ವಲ್ಪವೂ ಒಪ್ಪುವುದಿಲ್ಲ’ದವರೆಗೆ ಐದು ಉತ್ತರಗಳು, ಒಂದೊಂದಕ್ಕೂ ಒಂದೊಂದು ಅಂಕ. ಅಂಕಗಳನ್ನು ಕೂಡಿಸಿದರೆ ಮೊತ್ತ ದೊರೆಯುವುದು.

ಮನೆಯ ಪಾಠವಾದರೂ ಒಂದೇ ಬಗೆಯದಲ್ಲ. ಅಮೆರಿಕದ ಕುಟುಂಬಗಳ ಕುರಿತ ಸಂಶೋಧನೆಗಳನ್ನು ಡಯೇನ್ ಹ್ಯೂಸ್ ಮತ್ತು ಸಂಗಡಿಗರು 2006ರಲ್ಲಿ ವಿಮರ್ಶಿಸಿ ಅದನ್ನು ನಾಲ್ಕಾಗಿ ವಿಂಗಡಿಸಿದರು: ತನ್ನ ಪರಂಪರೆಯ ಅಭಿಮಾನವನ್ನು ಕಲಿಸುವುದು, ಎದುರಾಗಬಹುದಾದ ಭೇದಭಾವಕ್ಕೆ ಸಿದ್ಧಗೊಳಿಸುವುದು, ಪರರಲ್ಲಿ ಅಪನಂಬಿಕೆ ಹುಟ್ಟಿಸುವುದು, ಎಲ್ಲರೂ ಸಮಾನರೆಂದು ಹೇಳುವುದು ಅಥವಾ ಆ ವಿಷಯವನ್ನೇ ಎತ್ತದಿರುವುದು. ಸ್ವಾಭಿಮಾನವೂ ಪರದ್ವೇಷವೂ ಬೇರೆ ಬೇರೆ ಎಂಬುದನ್ನು ಇಲ್ಲಿ ಗಮನಿಸಬೇಕು. ಎರಡನ್ನೂ ಒಂದೇ ತಕ್ಕಡಿಗೆ ಹಾಕಿ ತೂಗಿದರೆ ತೂಕ ತಪ್ಪುವುದು.

ಮಾತು ಬೇರೆ, ನಡತೆ ಬೇರೆ

ಎಲ್ಲಕ್ಕಿಂತ ದೊಡ್ಡ ತೊಡಕು ಮುಂದಿದೆ. ರಿಚರ್ಡ್ ಲಾಪಿಯೆರ್ ಎಂಬಾತನು ಚೀನೀ ದಂಪತಿಗಳೊಡನೆ ಅಮೆರಿಕದಲ್ಲಿ ಸಂಚರಿಸಿ 251 ವಸತಿಗೃಹ, ಉಪಾಹಾರಗೃಹಗಳಿಗೆ ಹೋದನು. ಅವರನ್ನು ಒಳಕ್ಕೆ ಬಿಡದೆ ಹಿಂದಿರುಗಿಸಿದ್ದು ಒಂದೇ ಒಂದು ಸ್ಥಳದಲ್ಲಿ. ಆಮೇಲೆ ಅವುಗಳ ಮಾಲೀಕರಿಗೆ ಪತ್ರ ಬರೆದು, ಚೀನೀಯರನ್ನು ಸೇರಿಸಿಕೊಳ್ಳುವಿರಾ ಎಂದು ಕೇಳಿದಾಗ, ಉತ್ತರಿಸಿದವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ‘ಇಲ್ಲ’ ಎಂದರು! 1934ರಲ್ಲಿ ಪ್ರಕಟವಾದ ಈ ಪ್ರಯೋಗ ಕಾಗದದ ಉತ್ತರಕ್ಕೂ ನಡತೆಗೂ ಇರುವ ಕಂದರವನ್ನು ತೋರಿಸಿತು.

ತಂದೆತಾಯಿಗಳ ವಿಷಯದಲ್ಲಿ ತಪ್ಪು ವಿರುದ್ಧ ದಿಕ್ಕಿನಲ್ಲಿ ನಡೆಯುವ ಸಂಭವ ಹೆಚ್ಚು. ‘ನಾನು ಭೇದ ಕಲಿಸುತ್ತೇನೆ’ ಎಂದು ಯಾರು ತಾನೆ ಬರೆದಾರು? ಒಳ್ಳೆಯವರೆನಿಸಿಕೊಳ್ಳುವ ಈ ಹಂಬಲವನ್ನೇ ಅಳೆಯಲು ಕ್ರೌನ್ ಮತ್ತು ಮಾರ್ಲೊ 1960ರಲ್ಲಿ 33 ಹೇಳಿಕೆಗಳ ಮಾಪಕವನ್ನು ರಚಿಸಿದರು. ಇನ್ನೊಂದು ಉಪಾಯವೂ ಉಂಟು. ಅಭಿಪ್ರಾಯದ ಬದಲು ನಡೆದ ಸಂಗತಿಯನ್ನು ಕೇಳುವುದು. ತಂದೆತಾಯಿಗಳನ್ನು ಕೇಳಿದುದನ್ನೇ ಮಗುವನ್ನೂ ಬೇರೆಯಾಗಿ ಕೇಳುವುದು. ಎರಡು ಉತ್ತರಗಳ ನಡುವಣ ವ್ಯತ್ಯಾಸವೂ ಒಂದು ಅಳತೆಯೇ.

ಬೀಜದಂತೆ ಬೆಳೆಯೆ?

ಕೊನೆಯ ಪ್ರಶ್ನೆ: ತಂದೆತಾಯಿಗಳ ಮನೋಭಾವ ಮಕ್ಕಳಿಗೆ ಎಷ್ಟು ಇಳಿಯುತ್ತದೆ? ಡೆಗ್ನರ್ ಮತ್ತು ಡಲೇಗೆ ಎಂಬ ಸಂಶೋಧಕರು 131 ಅಧ್ಯಯನಗಳನ್ನು ಒಟ್ಟುಗೂಡಿಸಿ 2013ರಲ್ಲಿ ಉತ್ತರ ಕೊಟ್ಟರು. ಪರರ ಬಗೆಗಿನ ಮನೋಭಾವದಲ್ಲಿ ತಂದೆತಾಯಿಗಳಿಗೂ ಮಕ್ಕಳಿಗೂ ಇರುವ ಸಹಸಂಬಂಧ ಸರಾಸರಿ 0.29. ಸಂಬಂಧವೇ ಇಲ್ಲದಿದ್ದರೆ ಸೊನ್ನೆ, ಪೂರ್ಣ ಸಂಬಂಧವಿದ್ದರೆ ಒಂದು. 0.29ನ್ನು ಅದರಿಂದಲೇ ಗುಣಿಸಿದರೆ ಸುಮಾರು 0.08 ಬರುವುದು. ಎಂದರೆ, ಮಕ್ಕಳ ಮನೋಭಾವದಲ್ಲಿ ಕಾಣುವ ಏರಿಳಿತದ ನೂರು ಪಾಲಿನಲ್ಲಿ ಎಂಟು ಪಾಲು ಮಾತ್ರ ತಂದೆತಾಯಿಗಳ ಮನೋಭಾವದೊಡನೆ ಹೊಂದಿಕೊಂಡಿದೆ. ಅದು ಅಲ್ಪವಲ್ಲ, ಆದರೆ ವಿಧಿಲಿಖಿತವೂ ಅಲ್ಲ. ಶಾಲೆ, ಗೆಳೆತನ, ಒಡನಾಟಗಳಿಗೆ ಬೇಕಾದಷ್ಟು ಎಡೆಯಿದೆ. ಬೇರೆ ಸಮುದಾಯದವರ ಒಡನಾಟದಿಂದ ಪೂರ್ವಗ್ರಹ ಕುಗ್ಗುವುದೆಂಬುದನ್ನು ಪೆಟಿಗ್ರೂ ಮತ್ತು ಟ್ರಾಪ್ 515 ಅಧ್ಯಯನಗಳ ಆಧಾರದಿಂದ 2006ರಲ್ಲಿ ತೋರಿಸಿದ್ದಾರೆ.

ಹುಬ್ಬಳ್ಳಿಯಲ್ಲಾಗಲಿ, ಧಾರವಾಡದಲ್ಲಾಗಲಿ, ನಿಮ್ಮ ಊರಿನಲ್ಲಾಗಲಿ, ವಿದ್ಯಾರ್ಥಿಗಳಾದ ನೀವು ಈ ಅಳತೆಯನ್ನು ನಿಮ್ಮಷ್ಟಕ್ಕೆ ನೀವೇ ಮಾಡಿ ನೋಡಬಹುದು. ಕಳೆದ ವರ್ಷ ಬೇರೆ ಸಮುದಾಯದ ಎಷ್ಟು ಜನರು ನಿಮ್ಮ ಮನೆಯಲ್ಲಿ ಉಂಡರು? ನೀವು ಎಷ್ಟು ಮಂದಿಯ ಮನೆಯಲ್ಲಿ ಉಂಡಿರಿ? ಅಂಥ ಅತಿಥಿ ಬೀಳ್ಕೊಂಡು ಹೋಗಿ ಬಾಗಿಲು ಮುಚ್ಚಿದ ಮೇಲೆ ಮನೆಯಲ್ಲಿ ಆಡಿದ ಮಾತೇನು? ನಿಜವಾದ ಪಾಠ ನಡೆಯುವುದು ಆ ಮೂರನೆಯ ಪ್ರಶ್ನೆಯಲ್ಲಿ. ಅದಕ್ಕೆ ಉತ್ತರ ಕೊಡಬಲ್ಲವರು ತಂದೆತಾಯಿಗಳಲ್ಲ, ಕೇಳಿಸಿಕೊಂಡ ಮಕ್ಕಳು.