ಜಾಕ್ ಕೊಟ್ಟು ನಿಲ್ಲಿಸಿದ ಟ್ರೇಲರ್ ಉರುಳುವುದಿಲ್ಲವೇ?

ಶಿಡ್ಲಘಟ್ಟ ತಾಲ್ಲೂಕಿನ ಜಂಗಮಕೋಟೆ ಕಡೆಯ ಹಳ್ಳಿಗಳಲ್ಲಿ ಟ್ರ್ಯಾಕ್ಟರ್ ಬಿಚ್ಚಿಕೊಂಡು ಹೋದ ಮೇಲೆ ಟ್ರೇಲರ್ ಮಾತ್ರ ಮನೆ ಮುಂದೆಯೋ ತೋಟದ ಅಂಚಿನಲ್ಲೋ ನಿಂತಿರುತ್ತದೆ. ಮುಂದೆ ಜಾಕ್, ಚಕ್ರಕ್ಕೊಂದು ದುಂಡುಕಲ್ಲು. ಮಕ್ಕಳಿಗೆ ಅದೇ ಆಟದ ಜಾಗ. ‘ಜಾಕ್ ಗಟ್ಟಿಯಾಗಿ ಕೊಟ್ಟರೆ ಎಲ್ಲೂ ಹೋಗಲ್ಲ’ ಅನ್ನುವ ಮಾತು ನಿಜವೇ? ನೋಡೋಣ.

ಜಾಕ್ ಮಾಡುವುದು ಒಂದೇ ಕೆಲಸ: ಟ್ರೇಲರಿನ ಮೂತಿ ನೆಲಕ್ಕೆ ಬೀಳದಂತೆ ಹಿಡಿಯುವುದು. ಉರುಳದಂತೆ ತಡೆಯುವುದು ಅದರ ಕೆಲಸವಲ್ಲ. ನೂರು ಮೀಟರಿಗೆ ಐದು ಮೀಟರ್ ಇಳಿಯುವ ರಸ್ತೆ ಕಣ್ಣಿಗೆ ಹೆಚ್ಚುಕಮ್ಮಿ ಸಮವಾಗಿಯೇ ಕಾಣುತ್ತದೆ. ಅಲ್ಲಿ ನಿಂತ 4 ಟನ್ ಟ್ರೇಲರನ್ನು ಸುಮಾರು 200 ಕೆ.ಜಿ. ತೂಕದಷ್ಟು ಬಲ ಇಳಿಜಾರಿನತ್ತ ಎಳೆಯುತ್ತಿರುತ್ತದೆ. ಗಾಡಿ ಸ್ವಲ್ಪ ಸರಿದರೂ ಜಾಕ್ ವಾಲಿ ಬೀಳುತ್ತದೆ. ದುಂಡುಕಲ್ಲಂತೂ ಚಕ್ರದ ಜೊತೆ ತಾನೂ ಉರುಳುತ್ತದೆ. ಬೇಕಾದದ್ದು ಚಕ್ರಕ್ಕೆ ಒತ್ತಿ ಕೂರುವ, ಇಳಿಜಾರಾಗಿ ಕತ್ತರಿಸಿದ ಮರದ ತುಂಡು. ಎರಡೂ ಬದಿಯ ಚಕ್ರಕ್ಕೆ, ಚಕ್ರದ ಹಿಂದೆ ಮತ್ತು ಮುಂದೆ.

ಇದನ್ನು ಕೊಡಬೇಕಾದದ್ದು ಪಿನ್ ತೆಗೆಯುವ ಮೊದಲು. ಬಿಚ್ಚಿದ ಮೇಲೆ ಕಲ್ಲು ಹುಡುಕಲು ಓಡುವುದನ್ನು ನಾವು ಎಷ್ಟೋ ಸಲ ನೋಡಿದ್ದೇವೆ. ಎಡ ಬಲ ಸಮ ಮಾಡುವುದಿದ್ದರೂ ಟ್ರ್ಯಾಕ್ಟರ್ ಜೋಡಿಸಿರುವಾಗಲೇ, ತಗ್ಗಿನ ಕಡೆಯ ಚಕ್ರವನ್ನು ದಪ್ಪ ಹಲಗೆಯ ಮೇಲೆ ಹತ್ತಿಸಬೇಕು. ಆಮೇಲೆ ಚಕ್ರಕ್ಕೆ ತಡೆ, ಆಮೇಲೆ ಜಾಕ್, ಕೊನೆಗೆ ಪಿನ್. ಹಿಂದೆ ಮುಂದೆ ಸಮ ಮಾಡುವುದು ಎಲ್ಲಕ್ಕೂ ಕಡೆಗೆ. ಮೊಬೈಲಿನಲ್ಲಿ ಕಾಣುವ ವಿದೇಶದ ಕ್ಯಾರವಾನ್ ಮನೆಗಳನ್ನು ನಿಲ್ಲಿಸುವುದೂ ಇದೇ ಕ್ರಮದಲ್ಲಿ. ಅವುಗಳ ನಾಲ್ಕು ಮೂಲೆಯ ಕಾಲುಗಳು ಅಲುಗಾಟ ತಡೆಯಲಷ್ಟೇ. ಗಾಡಿ ಎತ್ತಲು ಅಲ್ಲ.

ಎರಡು ಚಕ್ರದ ಟ್ರೇಲರಿಗೆ ಇನ್ನೊಂದು ಅಪಾಯವಿದೆ. ಎತ್ತಿನ ಗಾಡಿ ಹೊಡೆದವರಿಗೆ ಇದನ್ನು ಹೇಳಿಕೊಡಬೇಕಿಲ್ಲ: ಹಿಂದೆ ಭಾರ ಹೆಚ್ಚಾದರೆ ಮೂಕಿ ಮೇಲೇಳುತ್ತದೆ. ಹಿಂಭಾಗದಲ್ಲಿ ಗೊಬ್ಬರವೋ ಜಲ್ಲಿಯೋ ಉಳಿದಿರುವಾಗ ಪಿನ್ ಎಳೆದರೆ ಕಬ್ಬಿಣದ ಮೂತಿ ಚಿಮ್ಮಿ, ಬಗ್ಗಿ ನಿಂತವರ ಮುಖಕ್ಕೇ ಬಡಿಯಬಹುದು. ಜಾಕ್ ಕೆಳಗಿನಿಂದ ಹಿಡಿಯುತ್ತದೆ, ಮೇಲೇಳುವುದನ್ನು ಹಿಡಿಯುವುದಿಲ್ಲ. ಅದಕ್ಕೇ ಪೂರ್ತಿ ಖಾಲಿ ಮಾಡಿ ಬಿಚ್ಚುವುದು ಒಳ್ಳೆಯದು.

ಮಳೆ ಬಿದ್ದ ಕೆಂಪು ಮಣ್ಣಿನಲ್ಲಿ ಜಾಕ್ ಇಳಿಯುತ್ತದಲ್ಲ, ಅದಕ್ಕೆ ಉಪಾಯ ಸುಲಭ. 10 ಸೆಂ.ಮೀ. ಚೌಕದ ಪಾದದ ಕೆಳಗೆ 30 ಸೆಂ.ಮೀ. ಚೌಕದ ಗಟ್ಟಿ ಹಲಗೆ ಇಟ್ಟರೆ ಮಣ್ಣಿನ ಮೇಲಿನ ಒತ್ತಡ ಒಂಬತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ.

ಹೂವಿನ ಪಲ್ಲಕ್ಕಿ ಕಟ್ಟುವಾಗ ಎಡ ಬಲದ ಮಟ್ಟ ಇನ್ನೂ ಮುಖ್ಯ. 180 ಸೆಂ.ಮೀ. ಅಗಲದ ಟ್ರೇಲರ್ ಒಂದು ಕಡೆ 5 ಸೆಂ.ಮೀ. ತಗ್ಗಿದ್ದರೆ, 4 ಮೀಟರ್ ಎತ್ತರದ ತುದಿ 11 ಸೆಂ.ಮೀ. ಪಕ್ಕಕ್ಕೆ ವಾಲುತ್ತದೆ. ಗಾರೆ ಕೆಲಸದವರ ರಸಮಟ್ಟ ಸಿಕ್ಕರೆ ಸಾಕು. ಮೊಬೈಲಿನಲ್ಲೂ ಮಟ್ಟ ನೋಡಬಹುದು, ಆದರೆ ಕ್ಯಾಮೆರಾ ಉಬ್ಬಿರುವ ಫೋನನ್ನು ಮಲಗಿಸಿ ನೋಡಿದರೆ ಲೆಕ್ಕ ತಪ್ಪುತ್ತದೆ. ಅಂಚಿನ ಮೇಲೆ ನಿಲ್ಲಿಸಿ ನೋಡಿ.