ಬಿ. ಕೃಷ್ಣಪ್ಪ

ಪ್ರೊ. ಬಿ. ಕೃಷ್ಣಪ್ಪ (9 ಜೂನ್ 1938 – 30 ಏಪ್ರಿಲ್ 1997) ಕರ್ನಾಟಕದ ದಲಿತ ಚಳವಳಿಯ ಅಗ್ರಗಣ್ಯ ನಾಯಕರು, ದಲಿತ ಸಂಘರ್ಷ ಸಮಿತಿಯ (ದಸಂಸ) ಸಂಸ್ಥಾಪಕರು ಹಾಗೂ ಕನ್ನಡ ಅಧ್ಯಾಪಕರು. ಭೂಹೀನ ಕೃಷಿ ಕೂಲಿಕಾರರ ಭೂಮಿ, ಕೂಲಿ ಮತ್ತು ಜೀತವಿಮುಕ್ತಿಯ ಪ್ರಶ್ನೆಗಳನ್ನು ಅಸ್ಪೃಶ್ಯತೆಯ ಪ್ರಶ್ನೆಯಿಂದ ಬೇರ್ಪಡಿಸದೆ ಎತ್ತಿದ್ದು ಅವರ ವೈಶಿಷ್ಟ್ಯ. ಅವರು ಕಟ್ಟಿದ ಸಂಘಟನೆ ಆಳವಾಗಿ ಬೇರೂರಿದ ಜಿಲ್ಲೆಗಳಲ್ಲಿ ಕೋಲಾರವೂ ಒಂದು.

ಜನನ ಮತ್ತು ವೃತ್ತಿ

ಕೃಷ್ಣಪ್ಪನವರು ಜನಿಸಿದ್ದು ಅಂದಿನ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದ ಹರಿಹರದಲ್ಲಿ. ಭದ್ರಾವತಿಯ ಸರ್ ಎಂ. ವಿಶ್ವೇಶ್ವರಯ್ಯ ಕಾಲೇಜಿನಲ್ಲಿ ಕನ್ನಡ ಬೋಧಿಸಿದರು. ಭದ್ರಾವತಿ ಆಗ ಕಬ್ಬಿಣ ಮತ್ತು ಕಾಗದದ ಕಾರ್ಖಾನೆಗಳ ಊರಾಗಿತ್ತು. ಅಲ್ಲಿನ ಕಾರ್ಮಿಕರಿಗೆ ಸಂಘಗಳಿದ್ದವು. ಸುತ್ತಲಿನ ಹಳ್ಳಿಗಳ ಗದ್ದೆಯಲ್ಲಿ ದುಡಿಯುವವರಿಗೆ ಅಂತಹ ಆಸರೆ ಇರಲಿಲ್ಲ.

1973ರ ನವೆಂಬರ್‌ನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬಹುಭಾಗ 'ಬೂಸಾ' ಎಂಬರ್ಥದ ಮಾತನಾಡಿದಾಗ ರಾಜ್ಯದಾದ್ಯಂತ ಗಲಭೆಯೆದ್ದು, ಅವರು ರಾಜೀನಾಮೆ ನೀಡಬೇಕಾಯಿತು. ಬಸವಲಿಂಗಪ್ಪನವರ ಪರವಾಗಿ ನಿಂತವರಲ್ಲಿ ಕೃಷ್ಣಪ್ಪನವರೂ ಒಬ್ಬರು. ಆ ಪ್ರಕರಣದ ಬೆನ್ನಿಗೇ, 1974-75ರ ಸುಮಾರಿಗೆ, ಭದ್ರಾವತಿಯಲ್ಲಿ ದಸಂಸ ರೂಪುಗೊಂಡಿತು.

ಗೇಣಿದಾರ ಮತ್ತು ಕೂಲಿಕಾರ

ಕೃಷ್ಣಪ್ಪನವರ ಹೋರಾಟದ ಮಹತ್ವ ತಿಳಿಯಬೇಕಾದರೆ ಅಂದಿನ ಭೂಸುಧಾರಣೆಯ ಮಿತಿಯನ್ನು ಗಮನಿಸಬೇಕು. ದೇವರಾಜ ಅರಸು ಸರ್ಕಾರದ ತಿದ್ದುಪಡಿಯಂತೆ 1974ರ ಮಾರ್ಚ್ 1ರಿಂದ ಗೇಣಿ ಜಮೀನುಗಳು ಸರ್ಕಾರದಲ್ಲಿ ನಿಹಿತವಾದವು. ಗೇಣಿದಾರರು ನಮೂನೆ 7ರಲ್ಲಿ ಭೂ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಿ ಒಡೆಯರಾದರು. ಇದು ನಿಜಕ್ಕೂ ದೊಡ್ಡ ಕೆಲಸ. ಆದರೆ ದಲಿತರಲ್ಲಿ ಗೇಣಿದಾರರಿಗಿಂತ ಕೂಲಿಯಾಳುಗಳೂ ಜೀತದಾಳುಗಳೂ ಹೆಚ್ಚು. ಕಾಯ್ದೆಯ 38ನೆಯ ಪ್ರಕರಣ ಕೃಷಿ ಕಾರ್ಮಿಕನಿಗೆ ಅವನು ವಾಸಿಸುವ ಮನೆಯ ಹಕ್ಕನ್ನು ಕೊಟ್ಟಿತೇ ಹೊರತು ಅವನು ಉಳುತ್ತಿದ್ದ ಹೊಲವನ್ನಲ್ಲ. ಹೀಗೆ ಹೊರಗುಳಿದವರನ್ನೇ ದಸಂಸ ಸಂಘಟಿಸಿತು. ಭದ್ರಾವತಿ ತಾಲ್ಲೂಕಿನ ಸಿದ್ಲೀಪುರದ ಭೂಹೋರಾಟ ಕೃಷ್ಣಪ್ಪನವರ ಆರಂಭದ ಹೋರಾಟಗಳಲ್ಲಿ ಹೆಸರಾದುದು.

ಕೋಲಾರ ಸೀಮೆಯಲ್ಲಿ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳು ವರ್ಷವಿಡೀ ಹರಿಯುವ ನದಿಯಿಲ್ಲದ ಕೆರೆಬಯಲಿನ ನಾಡು. ಕೆರೆಯ ಕೆಳಗಿನ ಗದ್ದೆ ಕೆಲವರ ಕೈಯಲ್ಲಿ; ಉಳಿದದ್ದು ಮಳೆಯಾಶ್ರಿತ ರಾಗಿ ಹೊಲ. 2011ರ ಜನಗಣತಿಯಂತೆ ರಾಜ್ಯದ ಜನಸಂಖ್ಯೆಯಲ್ಲಿ ಪರಿಶಿಷ್ಟ ಜಾತಿಯವರು ಶೇ. 17ರಷ್ಟಿದ್ದರೆ ಕೋಲಾರ ಜಿಲ್ಲೆಯಲ್ಲಿ ಶೇ. 30ರಷ್ಟಿದ್ದಾರೆ.

ಇಲ್ಲಿ ಜೀತ ಸಾಲದಿಂದ ಹುಟ್ಟುತ್ತಿತ್ತು. ಮದುವೆಗೋ ಕಾಯಿಲೆಗೋ ಪಡೆದ ಹಣಕ್ಕೆ ಮನೆಯ ಗಂಡಾಳನ್ನೋ, ದನ ಕಾಯಲು ಹುಡುಗನನ್ನೋ ಸಾಹುಕಾರನ ಮನೆಯಲ್ಲಿ ಬಿಡುವುದು. ದುಡಿಮೆ ಬಡ್ಡಿಗೆ ಸಂದು ಅಸಲು ಹಾಗೆಯೇ ಉಳಿಯುವುದು. 1975ರ ಅಕ್ಟೋಬರ್‌ನಲ್ಲಿ ಸುಗ್ರೀವಾಜ್ಞೆಯಾಗಿ ಬಂದು 1976ರಲ್ಲಿ ಕಾಯ್ದೆಯಾದ ಜೀತಪದ್ಧತಿ ರದ್ಧತಿ ಶಾಸನ ಇಂತಹ ಸಾಲಗಳನ್ನು ಅಳಿಸಿಹಾಕಿತು. ಆದರೆ ಜೀತ ಬಿಟ್ಟವನಿಗೆ ಮರುದಿನದ ಹಿಟ್ಟಿಗೆ ಅದೇ ಸಾಹುಕಾರನ ಹೊಲವೇ ಗತಿ. ಭೂಮಿಯ ಬೇಡಿಕೆ ಇಲ್ಲಿ ಅಷ್ಟು ತೀವ್ರವಾದದ್ದು ಇದರಿಂದಲೇ.

ಮಾಲೂರು ತಾಲ್ಲೂಕಿನ ಹುಣಸೀಕೋಟೆಯಲ್ಲಿ ಜಮೀನಿನ ವಿವಾದದ ಹಿನ್ನೆಲೆಯಲ್ಲಿ ದಲಿತರೊಬ್ಬರ ಕೊಲೆಯಾದಾಗ ದಸಂಸ ಬೆಂಗಳೂರಿಗೆ ಕಾಲ್ನಡಿಗೆಯ ಜಾಥಾ ನಡೆಸಿತು. ಕೃಷ್ಣಪ್ಪನವರ ನಾಯಕತ್ವದ ಸಂಘಟನೆಯ ರಾಜ್ಯಮಟ್ಟದ ಮೊದಲ ದೊಡ್ಡ ಹೋರಾಟಗಳಲ್ಲಿ ಇದೂ ಒಂದು. ಹಾಸ್ಟೆಲುಗಳಲ್ಲಿ ಓದುತ್ತಿದ್ದ ಕೂಲಿಕಾರರ ಮಕ್ಕಳು ಹಾಡು, ಬೀದಿನಾಟಕಗಳೊಡನೆ ಹಳ್ಳಿಗಳಿಗೆ ಹೋದರು. ಕವಿ, ನಾಟಕಕಾರ ಕೋಟಿಗಾನಹಳ್ಳಿ ರಾಮಯ್ಯ ಈ ನೆಲದ ಚಳವಳಿಯಿಂದಲೇ ಬಂದವರು.

ಮಂಜೂರಾದ ಭೂಮಿಯ ಪ್ರಶ್ನೆ

ಸರ್ಕಾರ ದರಖಾಸ್ತಿನಲ್ಲಿ ದಲಿತರಿಗೆ ಕೊಟ್ಟ ಜಮೀನೂ ಅವರ ಕೈಯಲ್ಲಿ ಉಳಿಯುತ್ತಿರಲಿಲ್ಲ. ಸಾಲಕ್ಕೆ ಹೆಬ್ಬೆಟ್ಟು ಒತ್ತಿದ ಪತ್ರ ಕ್ರಯಪತ್ರವಾಗಿಬಿಡುತ್ತಿತ್ತು. ಇದಕ್ಕೆ ಪರಿಹಾರವಾಗಿ 1978ರ ಪರಭಾರೆ ನಿಷೇಧ ಅಧಿನಿಯಮ (ಪಿಟಿಸಿಎಲ್ ಕಾಯ್ದೆ) ಬಂದಿತು. ಷರತ್ತು ಮೀರಿ ಮಾರಿದ ಮಂಜೂರು ಜಮೀನನ್ನು ಉಪವಿಭಾಗಾಧಿಕಾರಿ ಮರಳಿ ಪಡೆದು ಮೂಲ ಮಂಜೂರಾತಿದಾರನಿಗೋ ವಾರಸುದಾರರಿಗೋ ಕೊಡಿಸಬೇಕು. 1984ರಲ್ಲಿ ಸರ್ವೋಚ್ಚ ನ್ಯಾಯಾಲಯ ಮಂಚೇಗೌಡ ಪ್ರಕರಣದಲ್ಲಿ ಇದನ್ನು ಎತ್ತಿಹಿಡಿಯಿತು. ಅರ್ಜಿಗಳು ತಡವಾದವೆಂದು ಮುಂದೆ ನ್ಯಾಯಾಲಯಗಳಲ್ಲಿ ತಿರಸ್ಕೃತವಾಗತೊಡಗಿದ್ದರಿಂದ, ಕಾಲಮಿತಿಯಿಲ್ಲದೆ ಅರ್ಜಿ ಸಲ್ಲಿಸಲು 2023ರಲ್ಲಿ ತಿದ್ದುಪಡಿ ತರಲಾಯಿತು.

ಇತರ ಹೋರಾಟಗಳು ಮತ್ತು ಕೊನೆಯ ವರ್ಷಗಳು

ಚಂದ್ರಗುತ್ತಿಯ ಬೆತ್ತಲೆಸೇವೆಯ ವಿರುದ್ಧ 1986ರಲ್ಲಿ ನಡೆದ ಪ್ರತಿಭಟನೆಯಲ್ಲಿ ಕೃಷ್ಣಪ್ಪನವರು ಮುಂಚೂಣಿಯಲ್ಲಿದ್ದರು. ದೇವನೂರ ಮಹಾದೇವ, ಸಿದ್ಧಲಿಂಗಯ್ಯ ಮೊದಲಾದ ಲೇಖಕರು ದಸಂಸದಲ್ಲಿ ಅವರ ಒಡನಾಡಿಗಳಾಗಿದ್ದರು. ಚುನಾವಣಾ ರಾಜಕಾರಣದ ಬಗೆಗಿನ ಭಿನ್ನಾಭಿಪ್ರಾಯಗಳಿಂದ ಸಂಘಟನೆ ಒಡೆಯಿತು. ಕೃಷ್ಣಪ್ಪನವರು ಬಹುಜನ ಸಮಾಜ ಪಕ್ಷವನ್ನು ಸೇರಿದರು. 1997ರ ಏಪ್ರಿಲ್ 30ರಂದು ನಿಧನರಾದರು. ಹರಿಹರದ ಹೊರವಲಯದಲ್ಲಿ ಅವರ ಹೆಸರಿನ ಭವನವಿದೆ.