ನರದ ಕಾಯಿಲೆ: ಮಗನಿಗೆ ಜೋರು, ಮಗಳಿಗೆ ಕಮ್ಮಿ, ಯಾಕೆ?

ಹುಡುಗ ನಡೆಯುವಾಗ ಪದೇ ಪದೇ ಎಡವುತ್ತಾನೆ. ಪಾದ ಎತ್ತೋಕೆ ಆಗಲ್ಲ. ಮೀನಖಂಡ ಸಣ್ಣಗಾಗಿದೆ. ಅಂಗಿಯ ಗುಂಡಿ ಹಾಕುವುದೂ ಕಷ್ಟ. ಇದು ವಂಶದಲ್ಲಿ ಬರುವ ನರದ ಕಾಯಿಲೆ ಇರಬಹುದು. ಹೆಸರು ಷಾರ್ಕೋ-ಮರೀ-ಟೂತ್. 1886ರಲ್ಲಿ ಇದನ್ನು ವಿವರಿಸಿದ ಮೂವರು ವೈದ್ಯರ ಹೆಸರದು. ಇದರಲ್ಲಿ ಹಲವು ಬಗೆ. ಒಂದು ಬಗೆ 'ಎಕ್ಸ್' ಎಂಬ ಎಳೆಯ ಮೂಲಕ ಬರುತ್ತದೆ.

ನಮ್ಮ ಮೈಯೊಳಗೆ ಕಣ್ಣಿಗೆ ಕಾಣದ ಎಳೆಗಳಿವೆ. ತಂದೆ ತಾಯಿಯ ಗುಣ ಮಕ್ಕಳಿಗೆ ಬರೋದು ಇವುಗಳಿಂದಲೇ. ಹೆಣ್ಣಿಗೆ ಎರಡು ಎಕ್ಸ್. ಗಂಡಿಗೆ ಒಂದೇ ಎಕ್ಸ್, ಒಂದು ವೈ. ಗಂಡಿನ ಆ ಒಂದು ಎಕ್ಸ್‌ನಲ್ಲಿ ದೋಷವಿದ್ದರೆ ಕಾಯಿಲೆ ಜೋರು. ಹೆಣ್ಣಿಗೆ ಇನ್ನೊಂದು ಎಕ್ಸ್ ಆಸರೆ. ಕೆಲವರಿಗೆ ಏನೂ ಗೊತ್ತಾಗಲ್ಲ. ಕೆಲವರಿಗೆ ತಡವಾಗಿ ಕಾಲು ಜೋಮು, ಸೋಲು. "ಕೆಲಸ ಹೆಚ್ಚಾಯ್ತು" ಅಂತ ಸುಮ್ಮನಿರಬೇಡಿ. ಡಾಕ್ಟರಿಗೆ ತೋರಿಸಿ.

ದೋಷ ಅಪ್ಪನಲ್ಲಿದ್ದರೆ ಹೆಣ್ಣುಮಕ್ಕಳಿಗೆಲ್ಲ ಬರುತ್ತದೆ. ಗಂಡುಮಕ್ಕಳಿಗೆ ಬರಲ್ಲ. ತಾಯಿಯ ಒಂದು ಎಕ್ಸ್‌ನಲ್ಲಿದ್ದರೆ ಮಗನಾಗಲಿ ಮಗಳಾಗಲಿ, ಪ್ರತಿ ಬಸಿರಿನಲ್ಲೂ ಅರ್ಧಕ್ಕರ್ಧ ಸಾಧ್ಯತೆ.

"ಸೊಸೆ ತಂದ ಪೀಡೆ" ಅನ್ನೋ ಅತ್ತೆಯರಿಗೆ ಇದನ್ನು ಓದಿ ಹೇಳಿ. ಆ ಸೊಸೆಗೆ ಅದು ಅವಳ ಅಪ್ಪನಿಂದಲೇ ಬಂದಿರಬಹುದು!

ಪೂರ್ತಿ ವಾಸಿ ಮಾಡುವ ಮದ್ದು ಇನ್ನೂ ಇಲ್ಲ. ವ್ಯಾಯಾಮ, ಪಾದಕ್ಕೆ ಆಸರೆ ಕೊಡುವ ಪಟ್ಟಿ ಇವುಗಳಿಂದ ನಡಿಗೆ ಸುಲಭವಾಗುತ್ತೆ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ನರದ ಪರೀಕ್ಷೆ ಮಾಡ್ತಾರೆ.